ಸೋಲಂಗಿನ ಹಿಮದಲ್ಲಿ ಮೂರು ಜೋಡಿ ಸ್ಕೀ

ಹುಟ್ಟಿದ್ದು ಹುಕ್ಕೇರಿ, ಮನೆ ಗೋಕಾಕ, ನೌಕರಿ ಮೂಡಲಗಿ. ಈ ಮೂರು ಊರುಗಳ ನಡುವೆಯೇ 54 ವರ್ಷ ಕಳೆದ ನನಗೆ ಬಿಳಿಯ ರಾಶಿ ಎಂದರೆ ಗಿರಣಿಯ ಹತ್ತಿ, ಇಲ್ಲವೇ ಕಾರ್ಖಾನೆಯ ಸಕ್ಕರೆ. ಹಿಮವನ್ನು ಪಾಠದಲ್ಲಿ ಮಾತ್ರ ಕರಗಿಸಿದವನು ನಾನು. ಹೀಗಿರುವಾಗ ಹಳೆಯ ಶಿಷ್ಯರಿಬ್ಬರು, 'ಸರ್, ಮನಾಲಿಗೆ ಹೊಂಟೇವ್ರಿ, ನೀವೂ ಬರ್ರಿ' ಎಂದರು. ಎಂಟು ದಿನ ಗಳಿಕೆ ರಜೆ ಹಾಕಿ ಹೊರಟೇಬಿಟ್ಟೆ.

ಮನಾಲಿಯಿಂದ ಸುಮಾರು 13 ಕಿ.ಮೀ. ದೂರದಲ್ಲಿ ಸೋಲಂಗ್ ಕಣಿವೆ. ಸುತ್ತ ದೇವದಾರು, ನಡುವೆ ಇಳಿಜಾರು. ಬಾಡಿಗೆಯ ಸ್ಕೀ ಕೈಗೆ ಬಂದ ಕೂಡಲೇ ಮೂಡಲಗಿಯ ಹುಡುಗ ಕೇಳಿದ ಮೊದಲ ಪ್ರಶ್ನೆ: 'ಇದಕ್ಕ ಬ್ರೇಕ್ ಎಲ್ಲೈತ್ರಿ ಸರ್?' ನನಗೆ ಉತ್ತರ ಗೊತ್ತಿರಲಿಲ್ಲ. ಮೇಷ್ಟ್ರಾದವನು ಇಂಥ ಹೊತ್ತಿನಲ್ಲಿ ಬೆಟ್ಟ ನೋಡುತ್ತ ನಿಲ್ಲುತ್ತಾನೆ.

ನಮ್ಮ ತರಬೇತುದಾರ ಹಿಂದೆ ರೇಸುಗಳಲ್ಲಿ ಇಳಿದವನು. ಅವನ ಬಳಿ ಎರಡು ಜೋಡಿ ರೇಸ್ ಸ್ಕೀಗಳಿದ್ದವು. ಒಂದು ಸ್ಲಾಲಮ್‌ಗೆ, 165 ಸೆಂ.ಮೀ. ಇನ್ನೊಂದು ಜೈಂಟ್ ಸ್ಲಾಲಮ್‌ಗೆ, 193 ಸೆಂ.ಮೀ., ನನಗಿಂತ ಎತ್ತರ! ಎತ್ತಿ ನೋಡಿದರೆ ಬಾಡಿಗೆಯ ಸ್ಕೀಗಿಂತ ಎರಡೂ ಭಾರ. ಒಳಗೆ ಏನಿದೆ ಎಂದು ಕೇಳಿದೆ. ಮರ! ಮರದ ತಿರುಳಿನ ಮೇಲೂ ಕೆಳಗೂ ಅಲ್ಯುಮಿನಿಯಂ ಮಿಶ್ರಲೋಹದ ತಗಡು, ಅಂಚಿಗೆ ಉಕ್ಕು. ಗೋಕಾಕದ ಆಟಿಕೆ ಮಾಡುವವರು ಹಗುರವಾದ ಮರ ಹುಡುಕಿದರೆ, ಇವರಿಗೆ ಬಾಗಿ ಮತ್ತೆ ನೆಟ್ಟಗಾಗುವ ಮರ ಬೇಕು.

ಮರುದಿನ ಬೆಳಿಗ್ಗೆ ಹಿಮ ಗಟ್ಟಿಯಾಗಿದ್ದಾಗ, ನನ್ನ ಒತ್ತಾಯಕ್ಕೆ ಅವನು ಒಂದೇ ಇಳಿಜಾರಿನಲ್ಲಿ ಮೂರೂ ಜೋಡಿಗಳನ್ನು ಹಾಕಿಕೊಂಡು ಇಳಿದು ತೋರಿಸಿದ. ಬಾಡಿಗೆಯ ಸ್ಕೀ ತಿರುವಿನಲ್ಲಿ ಅಡ್ಡಡ್ಡ ಜಾರಿ, ಕುಂಟೆ ಎಳೆದ ಹಾಗೆ ಅಗಲಕ್ಕೆ ಹಿಮ ಕೆರೆಯಿತು. ಸ್ಲಾಲಮ್ ಸ್ಕೀ ಬಿಟ್ಟದ್ದು ಎರಡು ತೆಳು ಗೆರೆ ಮಾತ್ರ, ಹಸಿ ಎರೆಮಣ್ಣಿನಲ್ಲಿ ಚಕ್ಕಡಿಯ ಗಾಲಿ ಬಿಡುವಂಥವು. ಉದ್ದನೆಯದು ಆ ಸಣ್ಣ ಇಳಿಜಾರಿನಲ್ಲಿ ತಿರುಗಲೇ ಒಲ್ಲದು. ಒಂದೂವರೆ ತಿರುವಿಗೆ ಬಯಲು ಮುಗಿಯಿತು.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ರೇಖಾಗಣಿತ ಇದೆ. ಸ್ಕೀಯ ನಡು ಕಿರಿದು, ತುದಿಗಳು ಅಗಲ. ಆ ಬಳುಕಿನ ಅಂಚನ್ನು ಮುಂದುವರಿಸಿದರೆ ಒಂದು ವೃತ್ತವಾಗುತ್ತದೆ. ಪುರುಷರ ಜೈಂಟ್ ಸ್ಲಾಲಮ್ ಸ್ಕೀಗೆ ಅದರ ತ್ರಿಜ್ಯ ಕನಿಷ್ಠ 30 ಮೀಟರ್ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಸ್ಲಾಲಮ್ ಸ್ಕೀಗೆ ಸುಮಾರು 13 ಮೀಟರ್. ಸ್ಕೀಯನ್ನು ಹಿಮಕ್ಕೆ ಎಷ್ಟು ಓರೆ ಮಾಡುತ್ತೀರೋ ಆ ಕೋನದ ಕೊಸೈನಿನಿಂದ ಗುಣಿಸಿದರೆ ತಿರುವಿನ ತ್ರಿಜ್ಯ ಹೆಚ್ಚುಕಡಿಮೆ ಸಿಗುತ್ತದೆ. 60 ಡಿಗ್ರಿ ಓರೆಯಾದರೆ 13 ಮೀಟರ್ ಆರೂವರೆಗೆ ಇಳಿಯಿತು.

ಆದರೆ ಅಷ್ಟು ಓರೆಯಾದರೆ ಬೂಟು ಹಿಮಕ್ಕೆ ತಾಗಿ ಅಂಚು ಎದ್ದುಬಿಡುತ್ತದೆ. ಅದಕ್ಕೇ ಸ್ಕೀ ಮತ್ತು ಬೈಂಡಿಂಗ್ ನಡುವೆ ಪ್ಲೇಟು. ಸ್ಕೀಯ ತಳದಿಂದ ಬೂಟಿನ ಅಟ್ಟೆಯವರೆಗೆ 50 ಮಿ.ಮೀ. ದಾಟಬಾರದೆಂದು ಅದಕ್ಕೂ ನಿಯಮವಿದೆ. ಗಡುಸು ಬೂಟಿನ ಕೆಳಗೂ ಸ್ಕೀ ಸರಾಗವಾಗಿ ಬಾಗಲು ಒಳ್ಳೆಯ ಪ್ಲೇಟು ಎಡೆಗೊಡುತ್ತದೆ.

ಇನ್ನು ಬೈಂಡಿಂಗ್. ಇದು ಬೂಟನ್ನು ಹಿಡಿಯುವ ಸಾಧನ ಎಂದುಕೊಂಡಿದ್ದೆ. ಬಿಡುವ ಸಾಧನವೂ ಹೌದು. ಕಾಲಿನ ಮೂಳೆ ಮುರಿಯುವ ಮೊದಲು ಬೂಟು ಕಳಚಬೇಕು. ಸಹಕಾರ ಸಂಘವೇ ಕರೆಂಟು ಹಂಚುವ ಹುಕ್ಕೇರಿಯವನಿಗೆ ಫ್ಯೂಸ್ ತಂತಿಯ ಹೋಲಿಕೆ ತಾನಾಗಿ ಹೊಳೆಯಿತು. ರೇಸಿನವರದು ದಪ್ಪ ತಂತಿ: ಅದುರಾಟದಲ್ಲಿ ಸ್ಕೀ ಕಳಚಿದರೆ ಅವರಿಗೆ ಅದೇ ಅಪಾಯ. ನಮ್ಮಂಥವರಿಗೆ ತೆಳು ತಂತಿ. ಎಷ್ಟು ತೆಳು ಎಂಬುದನ್ನು ತೂಕ, ಎತ್ತರ, ಬೂಟಿನ ಅಟ್ಟೆಯ ಉದ್ದ, ಕಲಿಕೆಯ ಮಟ್ಟ ಮತ್ತು ವಯಸ್ಸು ನೋಡಿ ಕೋಷ್ಟಕದಿಂದ ತೆಗೆಯುತ್ತಾರೆ. 50 ತುಂಬಿದವರಿಗೆ ಒಂದು ಹಂತ ಸಡಿಲ.

ಮೊದಲ ದಿನ ಅಂಗಡಿಯವನು ವಯಸ್ಸು ಕೇಳಿದಾಗ, ಶಿಷ್ಯರ ಎದುರು ನಾನು '48' ಎಂದಿದ್ದೆ.

ಆ ಮಧ್ಯಾಹ್ನ ಬಿದ್ದೆ. ಸ್ಕೀ ಕಳಚಲಿಲ್ಲ, ಮೊಳಕಾಲು ತಿರುಚಿತು. ನಿಧಾನವಾಗಿ ಬಿದ್ದಾಗ ಸರಿಯಾಗಿ ಹೊಂದಿಸಿದ ಬೈಂಡಿಂಗೂ ಬಿಡದಿರಬಹುದು, ಮೊಳಕಾಲಿನ ಮಟ್ಟಿಗೆ ಅದರ ರಕ್ಷಣೆಯೂ ಕಡಿಮೆ. ಹಾಗಾಗಿ ನನ್ನ ಸುಳ್ಳೇ ಕಾರಣವೆಂದು ಸಾಧಿಸಲಾರೆ. ಆದರೂ ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಂಡು ಯೋಚಿಸಿದ್ದು ಅದನ್ನೇ.

ಹುಕ್ಕೇರಿಯ ಹುಡುಗನಿಗೆ ಮಾತ್ರ ರೇಸ್ ಸ್ಕೀಯದೇ ಧ್ಯಾನ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಮ್‌ನಲ್ಲಿ ಕಾಶ್ಮೀರದ ಆರಿಫ್ ಖಾನ್ 45ನೆಯವನಾಗಿ ಗುರಿ ಮುಟ್ಟಿದ್ದನ್ನು ತರಬೇತುದಾರ ಹೇಳಿದ್ದೇ, 'ನಮ್ಮ ಕಡೆಯವರು ಯಾರೂ ಇಲ್ಲೇನ್ರಿ?' ಎಂದ. ಇದ್ದಾರೆ. ಕೊಡಗಿನ ಭವಾನಿ ತೆಕ್ಕಡ 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ತಂದವರು. ಅವರದು ನಾರ್ಡಿಕ್ ಸ್ಕೀ, ಹಿಮ್ಮಡಿ ಬಿಡುವಾಗಿರುವ ಬೇರೆಯದೇ ಬಗೆ. ಹುಡುಗ ಸ್ಲಾಲಮ್ ಜೋಡಿ ಕೇಳಿಯೇ ಬಿಟ್ಟ. ತರಬೇತುದಾರ ಬೈಂಡಿಂಗಿನ ಅಂಕಿ ತೋರಿಸಿದ: ಹುಡುಗನ ತೂಕಕ್ಕೆ ಬೇಕಾದ ಸಡಿಲ ಮಟ್ಟಕ್ಕೆ ಆ ಸ್ಪ್ರಿಂಗು ಇಳಿಯುವುದೇ ಇಲ್ಲ! ಮಾತು ಅಲ್ಲಿಗೆ ನಿಂತಿತು.

ಒಂದು ದಿನ ಸುಧಾರಿಸಿಕೊಂಡು ಅಂಗಡಿಗೆ ಹೋಗಿ 'ಐವತ್ತನಾಲ್ಕು' ಎಂದೆ. ಅವನು ನಗಲಿಲ್ಲ, ತಿರುಪುಳಿ ತಿರುಗಿಸಿದ, ಅಷ್ಟೆ. ಶಿಷ್ಯರು ನಕ್ಕರು. ಹನ್ನೊಂದು ಗಂಟೆಗೆ ಮತ್ತೆ ಬಿದ್ದೆ. 'ಟಕ್' ಎಂದು ಬೂಟು ಕಳಚಿತು, ನಾನು ಒಂದು ಕಡೆ ಉರುಳಿದೆ. ಕಳಚಿದ ಸ್ಕೀ ಮಾತ್ರ ಕೆಳಗೆ ಓಡಲಿಲ್ಲ: ಬೈಂಡಿಂಗಿನ ಎರಡು ಕವಲುಗಳು ಹಿಮಕ್ಕೆ ಚುಚ್ಚಿಕೊಂಡು ಅದನ್ನು ಅಲ್ಲೇ ನಿಲ್ಲಿಸಿದ್ದವು. ಮೂಡಲಗಿಯ ಹುಡುಗ ಮೇಲಿನಿಂದ ಕೂಗಿದ: 'ಸರ್, ಬ್ರೇಕ್ ಸಿಕ್ತ್ರಿ!'