ಶಾಸ್ತ್ರದಾನವೂ ಸರ್ಕಾರಿ ವಿಶ್ವವಿದ್ಯಾಲಯವೂ

ಈಚೆಗೆ ಪಿಎಚ್.ಡಿ. ಮೌಖಿಕ ಪರೀಕ್ಷೆಯೊಂದರ ನಿಮಿತ್ತ ವಿಜಯನಗರದಲ್ಲಿ ಮೆಟ್ರೊ ಹತ್ತಿ ಜ್ಞಾನಭಾರತಿಯಲ್ಲಿ ಇಳಿದೆ. ಪ್ರಬಂಧದ ವಿಷಯ ಶ್ರವಣಬೆಳಗೊಳದ ನಿಸಿದಿ ಶಾಸನಗಳು. ಎಲ್ಲವೂ ಮುಗಿದು ಹೊರಗೆ ಬಂದಾಗ ಆ ಯುವಕ ಮೆಲ್ಲನೆ ಕೇಳಿದ: ‘ಸರ್, ಇದನ್ನು ಓದಿದವನಿಗೆ ಮುಂದೆ ಕೆಲಸ ಎಲ್ಲಿದೆ?’ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ಮನೆಗೆ ಮರಳಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎರಡನೆಯ ಸಂಪುಟವನ್ನು ತೆರೆದೆ. 1889ರಲ್ಲಿ ಬಿ.ಎಲ್. ರೈಸ್ ಅವರು ಪ್ರಕಟಿಸಿದ ಬೆಳಗೊಳದ ಶಾಸನಗಳು 144. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಅವು 500ಕ್ಕೆ ಏರಿದವು. 1973ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಆವೃತ್ತಿಯಲ್ಲಿ 573. ಮೊದಲೆರಡು ಕಾರ್ಯಗಳು ಮೈಸೂರು ಸರ್ಕಾರದ ಆಶ್ರಯದಲ್ಲಿ ನಡೆದವು. ಮೂರನೆಯದು 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ವಿಶ್ವವಿದ್ಯಾಲಯದ್ದು. ಮೂರಕ್ಕೂ ವ್ಯಯವಾದದ್ದು ಸಾರ್ವಜನಿಕ ಹಣ. ಬಂಡೆಯ ಮೇಲಿನ ಸವೆದ ಅಕ್ಷರಗಳನ್ನು ಓದಿಸಲು ಯಾವ ವ್ಯಾಪಾರಿಯೂ ಬಂಡವಾಳ ಹೂಡಲಾರ.

ಜೈನ ಪರಂಪರೆ ಹೇಳುವ ನಾಲ್ಕು ದಾನಗಳು ಆಹಾರ, ಅಭಯ, ಔಷಧ ಮತ್ತು ಶಾಸ್ತ್ರ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಕೊನೆಯ ದಾನಕ್ಕೆ ಮೇರು ನಿದರ್ಶನ. 993ರಲ್ಲಿ ರನ್ನನ ಅಜಿತಪುರಾಣ ರಚಿತವಾದದ್ದೂ ಆಕೆಯ ಪೋಷಣೆಯಲ್ಲಿ. ದಾನಚಿಂತಾಮಣಿಯ ಕಾರ್ಯವನ್ನು ಆಧುನಿಕ ಕಾಲದಲ್ಲಿ ಪ್ರಜೆಗಳ ತೆರಿಗೆಯಿಂದ ನಡೆಸಬೇಕಾದುದು ಸರ್ಕಾರಿ ವಿಶ್ವವಿದ್ಯಾಲಯ ಎಂದೇ ನಾನು ತಿಳಿದಿದ್ದೇನೆ.

ಆದರೆ ಶಾಸ್ತ್ರದಾನವೆಂದರೆ ಬರಿಯ ಸಂಕಲ್ಪವಲ್ಲ. ಓಲೆ ಬೇಕು, ಕಂಠ ಬೇಕು, ಲಿಪಿಕಾರನಿಗೆ ಅನ್ನ ಬೇಕು. ನಮ್ಮ ರಾಜ್ಯ ಈಚಿನ ವರ್ಷಗಳಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿತು. 2025ರ ಫೆಬ್ರವರಿಯಲ್ಲಿ, ಹಣವಿಲ್ಲ, ಸೌಕರ್ಯವಿಲ್ಲ ಎಂಬ ಕಾರಣಕ್ಕೆ ಅವುಗಳಲ್ಲಿ ಒಂಬತ್ತನ್ನು ಮುಚ್ಚುವ ಆಲೋಚನೆ ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂದಿತು. ಮುಚ್ಚುವವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಓಲೆಯನ್ನೂ ಕೊಡದೆ ಗ್ರಂಥವನ್ನು ದಾನ ಮಾಡಿದೆವೆಂದು ಸಾರಿದವರೂ ಹೊಣೆಗಾರರೇ. ಹಳೆಯ ವಿಶ್ವವಿದ್ಯಾಲಯಗಳಲ್ಲಿಯೂ ನಿವೃತ್ತರ ಸ್ಥಾನಗಳು ಖಾಲಿ ಉಳಿಯುತ್ತವೆ. ಹಳಗನ್ನಡದ ಪಾಠ ಅತಿಥಿ ಉಪನ್ಯಾಸಕರ ಹೆಗಲೇರುತ್ತದೆ. ಮುಂದಿನ ವರ್ಷ ತಾನು ಇರುವೆನೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ದಶಕಗಳು ಬೇಡುವ ಸಂಪಾದನಕಾರ್ಯಕ್ಕೆ ಕೈಹಾಕುವುದು ಹೇಗೆ?

ಆದುದರಿಂದ ಆ ಯುವಕನ ಪ್ರಶ್ನೆಯನ್ನು ವೈಯಕ್ತಿಕ ಉದ್ಯೋಗದ ಪ್ರಶ್ನೆಯೆಂದು ಮಾತ್ರ ಭಾವಿಸಲಾರೆ. ಬೆಳಗೊಳದ ಬೆಟ್ಟದಲ್ಲಿ ನಾಳೆ ಮತ್ತೊಂದು ಶಾಸನ ದೊರೆತರೆ ಅದನ್ನು ಓದಬಲ್ಲವನು ಆತನೇ. ಅಂದು ಆತ ಯಾವುದೋ ಕಚೇರಿಯಲ್ಲಿ ಬೇರೆ ಕೆಲಸದಲ್ಲಿದ್ದರೆ ನಷ್ಟ ಆತನೊಬ್ಬನದಲ್ಲ.