ಅತಿಥಿ ಬಂದರು, ‘ದಿ’ ಬರಲಿಲ್ಲ

ಚೀನದ ಯಾವುದೋ ಊರಿನ ಒಂದು ಮನೆ. ಹೈಸ್ಕೂಲು ಓದುವ ಹುಡುಗಿ ಒಳಗೆ ಕೂತು ಇಂಗ್ಲಿಷ್ ಪ್ರಬಂಧ ಬರೆಯುತ್ತಿದ್ದಾಳೆ. ಬಾಗಿಲಲ್ಲಿ ಸದ್ದಾಗುತ್ತದೆ. ಅಮ್ಮ ಅಲ್ಲಿಂದಲೇ ‘ಕರೆನ್ ಲಾಯ್ ಲ’ ಎಂದರೆ, ಊಟಕ್ಕೆ ಹೇಳಿದ್ದವರು ಬಂದರೆಂದು ಹುಡುಗಿಗೆ ತಿಳಿಯುತ್ತದೆ. ಅದೇ ಅಮ್ಮ ‘ಲಾಯ್ ಕರೆನ್ ಲ’ ಎಂದರೆ, ಹೇಳದೆ ಕೇಳದೆ ಯಾರೋ ಬಂದಿದ್ದಾರೆ ಎಂದರ್ಥ. ‘ಕರೆನ್’ ಎಂದರೆ ಅತಿಥಿ, ‘ಲಾಯ್’ ಎಂದರೆ ಬರು. ಪದಗಳು ಅವೇ, ಬದಲಾದದ್ದು ಅವುಗಳ ಸ್ಥಾನ ಮಾತ್ರ.

ಈ ವ್ಯತ್ಯಾಸವನ್ನೇ ಇಂಗ್ಲಿಷು ‘ದಿ ಗೆಸ್ಟ್’, ‘ಎ ಗೆಸ್ಟ್’ ಎಂದು ತೋರಿಸುತ್ತದೆ. ಹುಡುಗಿಯೋ ಬರೀ ‘ಗೆಸ್ಟ್ ಕೇಮ್’ ಎಂದು ಬರೆದಿರುತ್ತಾಳೆ. ಮರುದಿನ ಪುಟದ ತುಂಬ ಕೆಂಪು ಶಾಯಿ. ಬರೆಯುವಾಗ ಎಚ್ಚರವಿಲ್ಲ ಎಂದು ಉಪಾಧ್ಯಾಯರ ದೂರು. ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ ಎಂದು ಅಮ್ಮನ ಕೊರಗು. ಚೀನದಲ್ಲಿ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ಕ್ರಮ 2001ರಲ್ಲಿ ಆರಂಭವಾಯಿತು. ಕಾಲೇಜು ಸೇರಲು ಬರೆಯುವ ‘ಗಾವ್‌ಕಾವ್’ ಪರೀಕ್ಷೆಯ ಬಿಟ್ಟ ಸ್ಥಳಗಳಲ್ಲೂ ಈ ಆರ್ಟಿಕಲ್‌ಗಳು ಕಾದು ಕೂತಿರುವುದುಂಟು. ಅಲ್ಲಿ ಒಂದೊಂದು ಅಂಕಕ್ಕೂ ಬೆಲೆಯಿದೆ. ಮನೆಯವರ ಆತಂಕ ಸಹಜವೇ.

ಆದರೆ ಇದು ಹುಡುಗಿಯ ಉದಾಸೀನದ ಫಲವೇ? ಚೀನೀ ಭಾಷೆಯಲ್ಲಿ ಆರ್ಟಿಕಲ್ ಎಂಬುದೇ ಇಲ್ಲ. ಪದದ ಸ್ಥಾನ, ಸಂದರ್ಭ, ಬೇಕೆನಿಸಿದರೆ ‘ಈ’, ‘ಆ’, ‘ಒಂದು’ — ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಕಲಿಯುವವರು ಇದೇ ಬುತ್ತಿಯನ್ನು ಕಟ್ಟಿಕೊಂಡು ಇಂಗ್ಲಿಷಿಗೂ ಹೊರಡುತ್ತಾರೆ. ‘ದಿ’ ಬರಬೇಕಾದಲ್ಲಿ ‘ದಿಸ್’, ‘ಎ’ ಬರಬೇಕಾದಲ್ಲಿ ‘ಒನ್’ ಹಾಕುತ್ತಾರೆಂದು ಡೇನಿಯಲ್ ರಾಬರ್ಟ್‌ಸನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ‘ದಿ’ ರೂಢಿಯಾದ ಮೇಲೆ ಇನ್ನೊಂದು ಪಜೀತಿ. ಬೇಡದ ಕಡೆಯೂ ಅದು ನುಗ್ಗಿ, ‘ದಿ ಲೈಫ್ ಈಸ್ ಹಾರ್ಡ್’ ಎಂಬಂಥ ವಾಕ್ಯಗಳು ಹುಟ್ಟುತ್ತವೆ.

ಮೊದಲ ಸಲಕ್ಕೆ ‘ಎ’, ಎರಡನೆಯ ಸಲಕ್ಕೆ ‘ದಿ’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸುವುದುಂಟು. ಹಾಗಾದರೆ ಸೂರ್ಯನಿಗೆ ಮೊದಲ ಸಲವೇ ‘ದಿ’ ಏಕೆ? ಕೇಳುವವರಿಗೆ ಯಾವ ಸೂರ್ಯನೆಂದು ಆಗಲೇ ಗೊತ್ತಿರುವುದರಿಂದ. ಆರ್ಟಿಕಲ್ ಹಾಕುವವರು ತಮ್ಮ ಮನಸ್ಸನ್ನಷ್ಟೇ ಅಲ್ಲ, ಎದುರಿಗಿರುವವರ ಮನಸ್ಸನ್ನೂ ನೋಡಬೇಕು. ಅದನ್ನು ಸೂತ್ರವೊಂದೇ ಕಲಿಸಲಾರದು.

ಸಮಾಧಾನದ ಸಂಗತಿಯೂ ಇದೆ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಡಾನಿಯೆಲಾ ಟ್ರೆಂಕಿಚ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷ್ ವಾಕ್ಯ ಕೇಳುತ್ತಿದ್ದಂತೆ ಕಣ್ಣು ಯಾವ ಚಿತ್ರದತ್ತ ಹೊರಳುತ್ತದೆ ಎಂದು ಅವರು ಗಮನಿಸಿದರು. ಚೀನದ ಮ್ಯಾಂಡರಿನ್ ಮಾತಾಡುವವರು ‘ದಿ’, ‘ಎ’ಗಳ ಸುಳಿವು ಹಿಡಿದು, ಯಾವ ವಸ್ತುವಿನ ಮಾತೆಂದು ಆಗಿಂದಾಗಲೇ ಗುರುತಿಸುತ್ತಿದ್ದರು. ಮಾತಾಡುವಾಗ ಅವು ತಪ್ಪಿಹೋಗುವುದು ಬೇರೆ ಮಾತು. ಕಿವಿ ಕಲಿತದ್ದನ್ನು ನಾಲಗೆ ಕಲಿಯಲು ಹೊತ್ತು ಹಿಡಿಯುತ್ತದೆ.

ಕನ್ನಡದ ಮನೆಗಳಿಗೂ ಈ ಕಥೆ ಹೊರಗಿನದಲ್ಲ. ‘ಪುಸ್ತಕ ಹುಡುಕುತ್ತಿದ್ದೇನೆ’ ಎಂದರೆ ಯಾವುದಾದರೂ ಆದೀತು. ‘ಪುಸ್ತಕವನ್ನು ಹುಡುಕುತ್ತಿದ್ದೇನೆ’ ಎಂದಾಗ ಒಂದು ಗೊತ್ತಾದ ಪುಸ್ತಕ ಕಣ್ಣ ಮುಂದೆ ಬರುತ್ತದೆ. ಚೀನೀ ಭಾಷೆ ಪದದ ಸ್ಥಾನದಿಂದ ಮಾಡುವ ಕೆಲಸವನ್ನು ಇಲ್ಲಿ ‘ಅನ್ನು’ ಪ್ರತ್ಯಯ ಮಾಡುತ್ತದೆ. ಕನ್ನಡದ ಮಕ್ಕಳ ಇಂಗ್ಲಿಷಿನಲ್ಲಿ ‘ದಿ’ ಬಿಟ್ಟುಹೋದರೆ ಅದನ್ನು ದಡ್ಡತನವೆಂದು ಬಗೆಯಬೇಕಾಗಿಲ್ಲ. ತಿದ್ದಬೇಕು, ನಿಜ. ಗದರಿಸಿ ಅಲ್ಲ; ಗಟ್ಟಿಯಾಗಿ ಓದಿಸಿ, ಕೇಳಿಸಿ, ಪ್ರಶ್ನೆ ಕೇಳಿ.

ಚೀನದ ಆ ಅಮ್ಮನೂ ಕೆಂಪು ಶಾಯಿಯನ್ನು ಲೆಕ್ಕ ಹಾಕುವುದು ಬಿಟ್ಟು ಮಗಳ ಪಕ್ಕದಲ್ಲಿ ಕೂತು, ‘ಇಲ್ಲಿ ಬಂದದ್ದು ಯಾವ ಅತಿಥಿ? ಓದುವವರಿಗೆ ಅದು ಗೊತ್ತೇ?’ ಎಂದು ಕೇಳಬಹುದು. ಉತ್ತರ ಹುಡುಗಿಗೆ ಗೊತ್ತು. ಬಾಗಿಲಲ್ಲಿ ಸದ್ದಾದಾಗಲೆಲ್ಲ ಅಮ್ಮನೇ ಅದನ್ನು ಕಲಿಸಿದ್ದಾಳೆ.