ಬರೀ ಬೆಳ್ಳಿಯೆ?

ಶರಣಬಂಧುಗಳೇ, 2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿದಾಗ ಕೇಶ್ವಾಪುರದ ಭಕ್ತರ ಮನೆಗಳಲ್ಲಿ 'ನೀರಜ್ ಚೋಪ್ರಾ ಅವರಿಗೆ ಬರೀ ಬೆಳ್ಳಿ' ಎಂಬ ಮಾತು ಕೇಳಿ ನಮಗೆ ಖೇದವೆನಿಸಿತು. 2021ರಲ್ಲಿ ಟೋಕಿಯೊದಲ್ಲಿ ಚಿನ್ನ ತಂದ ಅವರ ಭರ್ಜಿ ಎಸೆತ 87.58 ಮೀಟರ್, ಪ್ಯಾರಿಸ್ಸಿನ ಬೆಳ್ಳಿಯದು 89.45. ಸಾಧನೆ ಬೆಳೆದೇ ಇತ್ತು! ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದರೆಂದು ಇವರ ಕಾಯಕ ಕಿರಿದಾಗುವುದೆ?

ನಮ್ಮ ನೆರೆಯ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾದರು. ಅಂದಿನ ದೂರ 42.75 ಕಿಲೋಮೀಟರ್, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಿಹೋಗಿ, ನಿಲ್ಲದೆ ಮರಳಿ ಬಂದಷ್ಟೆನ್ನಿರಿ. ಪದಕವಿಲ್ಲ, ಆದುದರಿಂದಲೇ ಏನೋ, ನಮ್ಮ ಮಕ್ಕಳು ಆ ಹೆಸರನ್ನೇ ಕೇಳಿಲ್ಲ. ನಾಳೆ ನೆಹರೂ ಮೈದಾನದಲ್ಲಿ ಓಡಿ, ಹತ್ತೊಂಬತ್ತನೆಯವನಾಗಿ ಮನೆಗೆ ಬರುವ ಮಗನಿಗೆ ತಾವು ಏನೆನ್ನುವಿರಿ?